ಪೋರ್ಟಬಲ್ ಗ್ಯಾಸ್ ಗ್ರಿಲ್ ತಗೊಳ್ಳೋದಾ ಬೇಡ್ವಾ? ಅಪಾರ್ಟ್‌ಮೆಂಟು, ಚಿಕ್ಕ ಪ್ಯಾಟಿಯೊ, ಅಮ್ಮ ಪಕ್ಕಾ ವೆಜ್ಜು

ಹಾಸನದ_ಹುಡುಗಿ

ಎಲ್ರಿಗೂ ನಮಸ್ಕಾರ, ಗ್ರಿಲ್ ಇಟ್ಕೊಂಡಿರೋರು ಸ್ವಲ್ಪ ಬುದ್ಧಿ ಹೇಳಿ. ನಾವಿರೋದು ಅಮೆರಿಕಾದಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಅಪಾರ್ಟ್‌ಮೆಂಟಲ್ಲಿ ಕೆಳಗಡೆ ಮನೆ, ಹಿಂದೆ ಒಂದು ಪ್ಯಾಟಿಯೊ ಇದೆ, ಎರಡು ಚೇರು ಒಂದು ತುಳಸಿ ಕುಂಡ ಇಟ್ರೆ ಮುಗೀತು ಅಷ್ಟೇ ಜಾಗ. ಪ್ರತಿ ಬೇಸಿಗೆ ಯಾರದ್ದಾದ್ರೂ ಬರ್ತ್‌ಡೇಗೆ ಅಂತ ಪಾರ್ಕಿಗೆ ಹೋದಾಗ ನಮ್ಮ ಗಂಡಸರೆಲ್ಲ ಸೇರ್ಕೊಂಡು ಇದ್ದಿಲು ಹಚ್ತೀವಿ ಅಂತ ಪೇಪರ್ ಪ್ಲೇಟಲ್ಲಿ ಬೀಸಿ ಬೀಸಿ ಒಂದು ಗಂಟೆ ಹೊಗೆ ಎಬ್ಬಿಸ್ತಾರೆ, ಅಷ್ಟೊತ್ತಿಗೆ ಮಕ್ಕಳು ಚಿಪ್ಸ್ ತಿಂದು ಹೊಟ್ಟೆ ತುಂಬಿಸ್ಕೊಂಡಿರ್ತಾರೆ, ಜೋಳ ಬೆಂದಾಗ ಯಾರಿಗೂ ಬೇಡ. ಅದಕ್ಕೆ ಈ ಸಲ ಗ್ಯಾಸಿಂದು, ಕಾರಲ್ಲಿ ಹಾಕ್ಕೊಂಡು ಹೋಗೋ ಥರದ್ದು ಒಂದು ತಗೊಳ್ಳೋಣ ಅಂತ.

ಆಫೀಸಲ್ಲಿ ಒಬ್ರು ಊರು ಬಿಟ್ಟು ಹೋಗ್ತಿದ್ದಾರೆ, ಅವರ ಹತ್ರ ಒಂದಿದೆ, ಒಂದೇ ಬರ್ನರು, ಮುಚ್ಚಳ ಇರೋದು, ಎರಡು ವರ್ಷದಿಂದ ಗರಾಜಲ್ಲೇ ಬಿದ್ದಿದೆಯಂತೆ, 40 ಡಾಲರ್‌ಗೆ ಕೊಡ್ತೀನಿ ಅಂದ್ರು. ತಗೋಬಹುದಾ ಇಲ್ಲ ಹೊಸದೇ ತಗೊಳ್ಳೋದಾ? ಆ ಚಿಕ್ಕ ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ? ಪ್ಯಾಟಿಯೊದಲ್ಲಿ ಹಚ್ಚಿದ್ರೆ ಬಾಡಿಗೆ ನೋಡ್ಕೊಳ್ಳೋ ಲೀಸಿಂಗ್ ಆಫೀಸ್‌ನವರು ನೋಟಿಸ್ ಕೊಡ್ತಾರಾ? ಇನ್ನೊಂದು ಮುಖ್ಯವಾದ್ದು, ಜೂನ್‌ನಲ್ಲಿ ಅಪ್ಪ ಅಮ್ಮ ಬರ್ತಿದ್ದಾರೆ, ಅಮ್ಮ ಮೊಟ್ಟೆ ಹುರಿದ ಬಾಣಲೆನೂ ಮುಟ್ಟಲ್ಲ, ನಮ್ಮನೆಯವರಿಗೂ ಮಕ್ಕಳಿಗೂ ಚಿಕನ್ ಬೇಕೇ ಬೇಕು. ಒಂದೇ ಗ್ರಿಲ್ಲಲ್ಲಿ ಇದನ್ನ ಹೆಂಗೆ ನಿಭಾಯ್ಸೋದು? ಬರ್ಗರ್ ಬಿಟ್ಟು ನಮ್ಮೂರಿನ ಅಡುಗೆ ಏನಾದ್ರೂ ಇದ್ರಲ್ಲಿ ಆಗುತ್ತಾ?

ಡಲ್ಲಾಸ್_ಗೌಡ

40 ಡಾಲರ್‌ಗೆ ಯೋಚ್ನೆ ಮಾಡೋದೇನಿದೆ ಮೇಡಂ, ತಗೊಳಿ. ಆದ್ರೆ ದುಡ್ಡು ಕೊಡೋಕೆ ಮುಂಚೆ ಮುಚ್ಚಳ ಎತ್ತಿ ಒಳಗೆ ಒಂದ್ಸಲ ಕೈಯಾಡಿಸಿ ನೋಡಿ. ಮೇಲಿನ ಕಂಬಿ ಬೀಡು ಕಬ್ಬಿಣದ್ದಾಗಿದ್ರೆ ತುಕ್ಕು ಹಿಡಿದಿದ್ರೂ ಪರ್ವಾಗಿಲ್ಲ, ಉಜ್ಜಿ ಎಣ್ಣೆ ಹಚ್ಚಿ ಕಾಯ್ಸಿದ್ರೆ ದೋಸೆ ಕಾವಲಿ ಪಳಗಿದ ಹಂಗೆ ಪಳಗುತ್ತೆ. ಕೆಳಗಿನ ಬರ್ನರ್ ಪೈಪ್ ನೋಡಿ, ಸಾಲಾಗಿರೋ ತೂತುಗಳು ಚಿಕ್ಕವಾಗಿ ಒಂದೇ ಸಮ ಇರ್ಬೇಕು, ಎಲ್ಲಾದ್ರೂ ತುಕ್ಕು ತಿಂದು ಎರಡು ತೂತು ಸೇರಿ ಒಂದಾಗಿದ್ರೆ ಬೇಡ ಬಿಟ್ಬಿಡಿ. ಸಿಲಿಂಡರ್ ತಿರುಗಿಸಿ ಕೂರಿಸೋ ಜಾಗದಲ್ಲಿ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ಯಾ ನೋಡಿ. ಟಕ್ ಅನ್ನೋ ಇಗ್ನೈಟರ್ ಕೆಲ್ಸ ಮಾಡ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಉದ್ದ ಮೂತಿ ಲೈಟರ್ ಸಾಕು, ನಂದು ಕೆಟ್ಟು ನಾಕು ವರ್ಷ ಆಯ್ತು.

ಗ್ಯಾಸ್ ಲೆಕ್ಕ ಸುಲಭ. ಚಿಕ್ಕ ಸಿಲಿಂಡರಲ್ಲಿ 16.4 ಔನ್ಸ್, ಅಂದ್ರೆ ಸುಮಾರು 1 ಪೌಂಡ್ ಪ್ರೊಪೇನ್ ಇರುತ್ತೆ, ನಮ್ಮ ಲೆಕ್ಕದಲ್ಲಿ 465 ಗ್ರಾಂ, ಅದ್ರಿಂದ ಸಿಗೋ ಶಾಖ ಸುಮಾರು 22,000 ಬಿಟಿಯು (ಬಿಟಿಯು ಅಂದ್ರೆ ಶಾಖ ಅಳೆಯೋ ಮಾನ). ಗ್ರಿಲ್ ಮೇಲೆ ಗಂಟೆಗೆ ಇಷ್ಟು ಬಿಟಿಯು ಅಂತ ಸ್ಟಿಕ್ಕರ್ ಇರುತ್ತಲ್ಲ, ಭಾಗಿಸ್ಕೊಳಿ ಅಷ್ಟೇ. ವೆಬರ್ ಕ್ಯೂ 1200 ಅಂತ ಬರುತ್ತೆ, ಅದು 8,500, ಅಂದ್ರೆ ಫುಲ್ಲಲ್ಲಿ ಇಟ್ರೂ ಎರಡೂವರೆ ಗಂಟೆ. ಕೋಲ್‌ಮನ್ ರೋಡ್‌ಟ್ರಿಪ್ 285 ಮೂರು ಬರ್ನರಿಂದು, 20,000, ಮೂರೂ ಪೂರ್ತಿ ಬಿಟ್ರೆ ಒಂದು ಗಂಟೆಗೆ ಖಲಾಸ್. ಸುಮಾರು ಜನ ಬಿಟಿಯು ಜಾಸ್ತಿ ಇದ್ರೆ ಒಳ್ಳೇದು ಅಂದ್ಕೋತಾರೆ, ಹಂಗೇನಿಲ್ಲ, ಡಬ್ಬ ಚಿಕ್ಕದಾಗಿ ಮುಚ್ಚಳ ಸರಿಯಾಗಿ ಕೂತ್ರೆ ಕಮ್ಮಿ ಉರಿಲೂ ಚೆನ್ನಾಗಿ ಕಾಯುತ್ತೆ. ಜಾಗ ಎಷ್ಟು ಅಂದ್ರೆ ಕ್ಯೂ 1200 ಕಂಬಿ ಮೇಲೆ ಒಂದು ಎ3 ಹಾಳೆ ಹಾಸ್ಬಹುದು, 189 ಚದರ ಇಂಚು. ನಾಕು ಜನಕ್ಕೆ ಸಾಕು, ಹತ್ತು ಜನ ಬಂದ್ರೆ ಎರಡು ಮೂರು ಸರ್ತಿ ಹಾಕ್ಬೇಕು ಅಷ್ಟೇ.

ಪಾರ್ಕಿಗೆಲ್ಲ ಜಾಸ್ತಿ ಹೋಗೋದಾದ್ರೆ ಒಂದು ಅಡಾಪ್ಟರ್ ಹೋಸ್ ತಗೊಂಡು 20 ಪೌಂಡಿನ ದೊಡ್ಡ ಟ್ಯಾಂಕಿಗೆ ಸಿಕ್ಸಿ, ಚಿಕ್ಕ ಸಿಲಿಂಡರ್ ನಮ್ ಕಡೆ ಆರೇಳು ಡಾಲರು, ದೊಡ್ಡದು ತುಂಬಿಸೋಕೆ ಇಪ್ಪತ್ತರ ಆಸುಪಾಸು, ಲೆಕ್ಕ ನೀವೇ ಹಾಕ್ಕೊಳಿ. ಆದ್ರೆ ಅಂಗಡಿ ಮುಂದೆ ಪಂಜರದಲ್ಲಿಟ್ಟು ಹಳೇದು ತಗೊಂಡು ಹೊಸದು ಕೊಡ್ತಾರಲ್ಲ ಅದ್ರಲ್ಲಿ ಸಾಮಾನ್ಯವಾಗಿ 15 ಪೌಂಡೇ ಇರೋದು, ನಮ್ಮ ಕಣ್ಮುಂದೆ ತುಂಬ್ಸಿ ಕೊಡೋ ಕಡೆ ಹೋಗಿ. ಸಿಲಿಂಡರ್ ಹೊಸದಾಗಿ ಹಾಕ್ದಾಗೆಲ್ಲ ಸೋಪು ನೀರು ಮಾಡ್ಕೊಂಡು ಸೇರೋ ಜಾಗಕ್ಕೆ ಹಚ್ಚಿ, ಗುಳ್ಳೆ ಬಂದ್ರೆ ಲೀಕು. ಬೆಂಕಿ ಕಡ್ಡಿ ಹಚ್ಚಿ ನೋಡೋ ಬುದ್ಧಿವಂತರನ್ನೂ ನೋಡಿದೀನಿ, ದಮ್ಮಯ್ಯ ಅದೊಂದು ಮಾಡ್ಬೇಡಿ.

ಬೇಏರಿಯಾ_ಬೆಣ್ಣೆದೋಸೆ

ಪ್ಯಾಟಿಯೊ ವಿಷ್ಯ ನಾನು ಹೇಳ್ತೀನಿ, ಈ ತಲೆನೋವು ಅನುಭವಿಸಿದೀನಿ. ಕ್ಯಾಲಿಫೋರ್ನಿಯಾ ಫೈರ್ ಕೋಡ್ ಪ್ರಕಾರ ಅಪಾರ್ಟ್‌ಮೆಂಟಲ್ಲಿ ಮರದ ಬಾಲ್ಕನಿ ಮೇಲೆ ಬೆಂಕಿ ಉರಿಯೋ ಗ್ರಿಲ್ ಹಚ್ಚಂಗಿಲ್ಲ, ಬೆಂಕಿ ಹಿಡಿಯೋ ಅಂಥ ಗೋಡೆ ಮಾಡಿನಿಂದ 10 ಅಡಿ ದೂರ ಇರ್ಬೇಕು. ಆದ್ರೆ 1 ಪೌಂಡಿನ ಚಿಕ್ಕ ಸಿಲಿಂಡರ್ ಗ್ರಿಲ್‌ಗೆ ವಿನಾಯಿತಿ ಇದೆ, ಬೆಂಕಿ ಬಿದ್ರೆ ತಾನೇ ನೀರು ಚಿಮ್ಮೋ ಸ್ಪ್ರಿಂಕ್ಲರ್ ಹಾಕಿರೋ ಬಾಲ್ಕನಿಗೂ ಇದೆ. ಅಂದ್ರೆ ಗೌಡ್ರು ಹೇಳಿದ 20 ಪೌಂಡ್ ಟ್ಯಾಂಕ್ ಪಾರ್ಕಿಗೆ ಮಾತ್ರ, ಪ್ಯಾಟಿಯೊಗೆ ತರ್ಬೇಡಿ. ಇಷ್ಟೆಲ್ಲಾ ಇದ್ರೂ ನಿಮ್ಮ ಸಿಟಿ ಇನ್ನೂ ಬಿಗಿ ಮಾಡಿರಬಹುದು, ಅದಕ್ಕಿಂತ ಮುಖ್ಯ ಲೀಸು, ಅದ್ರಲ್ಲಿ ಗ್ರಿಲ್ ಇಲ್ಲ ಅಂತ ಒಂದು ಸಾಲು ಇದ್ರೆ ಕೋಡು ಗೀಡು ಏನೂ ನಡೆಯಲ್ಲ. ನಾನು ಹಿಂದೆ ಇದ್ದ ಕಡೆ ಮೇಲಿನ ಮನೆಯವರು ಹೊಗೆ ಬರ್ತಿದೆ ಅಂತ ಕಂಪ್ಲೇಂಟ್ ಮಾಡಿ ಬಾಗಿಲಿಗೆ ಚೀಟಿ ಅಂಟಿಸಿದ್ರು, ಅವತ್ತು ನಾನು ಸುಟ್ಟಿದ್ದು ಬರೀ ಎರಡು ಜೋಳ! ಒಂದು ಇಮೇಲ್ ಹಾಕಿ ಕೇಳಿ, ಉತ್ತರ ಇಟ್ಕೊಳ್ಳಿ.

ಇನ್ನೊಂದು, ಖಾಲಿಯಾದ ಚಿಕ್ಕ ಸಿಲಿಂಡರ್ ಕಸದ ಡಬ್ಬಿಗೆ ಹಾಕ್ಬೇಡಿ, ಮನೆಯ ಅಪಾಯಕಾರಿ ಕಸ ತಗೊಳ್ಳೋ ಜಾಗಕ್ಕೆ ಕೊಡ್ಬೇಕು. 2028ರ ಜನವರಿ 1ರಿಂದ ನಮ್ಮ ರಾಜ್ಯದಲ್ಲಿ ಒಂದ್ಸಲ ಬಳಸಿ ಬಿಸಾಕೋ ಈ 1 ಪೌಂಡ್ ಸಿಲಿಂಡರ್ ಮಾರೋದೇ ನಿಲ್ಲುತ್ತೆ, ಎಸ್‌ಬಿ 1280 ಅಂತ ಕಾನೂನು 2022ರಲ್ಲೇ ಆಗಿದೆ. ಮತ್ತೆ ಮತ್ತೆ ತುಂಬಿಸೋ 1 ಪೌಂಡಿಂದೂ ಸಿಗುತ್ತೆ, ಈಗ್ಲೇ ಅದಕ್ಕೆ ಹೋದ್ರೆ ಒಳ್ಳೇದು. ಯೂಟ್ಯೂಬ್ ನೋಡ್ಕೊಂಡು ಬಿಸಾಕೋದನ್ನೇ ಮನೇಲಿ ತುಂಬಿಸೋಕೆ ಹೋಗ್ಬೇಡಿ ಅಷ್ಟೇ, ಅದ್ರ ವಾಲ್ವು ಅದಕ್ಕೆ ಮಾಡಿದ್ದಲ್ಲ.

ಯೊಸೆಮಿಟಿ ಕಡೆ ಕ್ಯಾಂಪಿಂಗ್ ಹೋಗೋದಿದ್ರೆ ಕೆಳಗಿನ ಜಿಡ್ಡಿನ ಟ್ರೇ ತೊಳೆದೇ ಇಡಿ. ಕರಡಿಗೆ ಬೇಕಾಗಿರೋದು ವಾಸನೆ ಅಷ್ಟೇ, ಅದು ಅನ್ನನಾ ಟ್ರೇನಾ ಅಂತ ನೋಡಲ್ಲ. ಅಲ್ಲಿ ಊಟದ ಸಾಮಾನೆಲ್ಲ ಕಬ್ಬಿಣದ ಲಾಕರಲ್ಲಿ ಇಡೋದು ಕಡ್ಡಾಯ.

ಕುಡ್ಲದ_ಅಕ್ಕ

ನಿಮ್ಮ ಅಮ್ಮನ ವಿಷಯ ಓದಿ ನಗು ಬಂತು ಮಾರಾಯ್ರೆ, ನಮ್ಮ ಮನೆಯಲ್ಲಿ ಕೂಡ ಇದೇ ಕತೆ. ನಾನು ಮೀನಿಲ್ಲದೆ ಇರುವವಳಲ್ಲ, ನನ್ನ ಅತ್ತೆ ಮೀನಿನ ಪರಿಮಳ ಬಂದ್ರೆ ಬಾಗಿಲು ಹಾಕಿ ಕೂತ್ಕೊಳ್ಳುವವರು. ನಾವು ಮೊದಲು ಏನು ಮಾಡಿದ್ದೆಂದ್ರೆ ಕಂಬಿ ಎರಡು ಭಾಗ ಇರ್ತದಲ್ಲ, ಎಡದ್ದು ವೆಜ್ಜು ಬಲದ್ದು ನಾನ್‌ವೆಜ್ಜು ಅಂತ. ಅದು ನಮ್ಮ ಸಮಾಧಾನಕ್ಕೆ ಅಷ್ಟೇ. ಚಿಕನಿನ ಜಿಡ್ಡು ಮುಚ್ಚಳದ ಒಳಗೆ ಹಾರಿ ಕೂತಿರ್ತದೆ, ಕೆಳಗಿನ ಟ್ರೇಯಲ್ಲಿ ಉಂಟು, ಬಿಸಿ ಆದ ಕೂಡ್ಲೇ ಅದರದ್ದೇ ಹೊಗೆ ಪನೀರಿಗೆ ತಾಗುವುದು. ಅತ್ತೆ ಒಂದು ತುಂಡು ಬಾಯಿಗೆ ಹಾಕಿದವರು ಏನೂ ಹೇಳ್ಲಿಲ್ಲ, ಎದ್ದು ಹೋಗಿ ಮೊಸರನ್ನ ಕಲಸಿಕೊಂಡು ಬಂದ್ರು. ಅಲ್ಲಿಗೆ ಗೊತ್ತಾಯ್ತು.

ಹಾಗಾಗಿ ನಾನು ಹೇಳುವುದು ಆ 40 ಡಾಲರಿನದ್ದನ್ನು ತಗೊಂಡು ಚೆಂದ ತೊಳೆದು ಅದನ್ನು ವೆಜ್ಜಿಗೇ ಇಟ್ಟುಬಿಡಿ, ಚಿಕನಿಗೆ ಆಮೇಲೆ ಇನ್ನೊಂದು ಅಗ್ಗದ್ದು ನೋಡಿ, ಇಲ್ಲದಿದ್ರೆ ಅಮ್ಮ ಇರುವಷ್ಟು ತಿಂಗಳು ಚಿಕನ್ ಒಳಗೆ ಒವನಿನಲ್ಲಿ ಮಾಡಿ. ಅದರಲ್ಲಿ ಮೊದಲಿನವರು ಮಾಂಸ ಬೇಯಿಸಿರಬಹುದು ಅಂತ ಮಾತ್ರ ಅಮ್ಮನಿಂದ ಮುಚ್ಚಿಡ್ಬೇಡಿ, ಹೇಳಿಯೇ ಹೇಳಿ, ಕಂಬಿ ಹೊಸದು ಹಾಕಿಸಿ ಅದನ್ನೂ ಹೇಳಿ. ಕಂಬಿ ಬೇರೆಯಾಗಿ ಸಿಗ್ತದೆ.

ಪನೀರ್ ದಪ್ಪ ಕತ್ತರಿಸಿ, ಒಂದು ಇಂಚು ಇರ್ಬೇಕು, ತೆಳ್ಳಗಾದ್ರೆ ಕಂಬಿಗೆ ಹಿಡಿದು ಹರಿಯುತ್ತದೆ. ಬಿದಿರಿನ ಕಡ್ಡಿ ಅರ್ಧ ಗಂಟೆ ನೀರಲ್ಲಿ ನೆನೆಸಿ. ಎಣ್ಣೆಯನ್ನು ಕಂಬಿಗೆ ಸುರಿಯುವುದಲ್ಲ, ಪನೀರಿಗೆ ಹಚ್ಚುವುದು.

ಮೀನು ತಿನ್ನುವವರಿಗೆ ಇಲ್ಲಿಯೇ ಬರೆಯುತ್ತೇನೆ. ಫ್ರೋಜನ್ ಬಂಗುಡೆ ಏಷಿಯನ್ ಅಂಗಡಿಯಲ್ಲಿ ಉಂಟು, ಬಾಳೆ ಎಲೆ ಕೂಡ ಫ್ರೀಜರಿನಲ್ಲಿಯೇ ಇರ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಅರಶಿನ, ಹುಣಸೆಹುಳಿ, ನೀರು ಹಾಕದೆ ಗಟ್ಟಿಗೆ ಕಡೆಯಿರಿ. ಮೀನಿಗೆ ಎರಡು ಬದಿ ಗೀರು ಹಾಕಿ ಮಸಾಲೆ ಒಳಗೆ ಹೋಗುವ ಹಾಗೆ ಹಚ್ಚಿ, ಎಲೆಯನ್ನು ಉರಿಯ ಮೇಲೆ ಬಾಡಿಸಿ ಅದರಲ್ಲಿ ಸುತ್ತಿ. ಎಲೆ ಬಾಡಿಸುವಾಗ ಬಣ್ಣ ಹೊಳೆಯುವ ಹಸುರಾಗ್ತದೆ ನೋಡಿ, ಆಗ ತೆಗೆಯಬೇಕು, ಬಿಟ್ರೆ ಮಡಚುವಾಗ ಒಡೆಯುತ್ತದೆ. ಒಂದೊಂದು ಬದಿ ಆರೇಳು ನಿಮಿಷ, ಮುಚ್ಚಳ ಹಾಕಿಯೇ. ಎಲೆ ಹೊರಗಿನಿಂದ ಕಪ್ಪಾದ್ರೆ ಹೆದರ್ಬೇಡಿ.

ಧಾರವಾಡ_ಟು_ಚಿಕಾಗೊ

ಅಕ್ಕಾವ್ರ, ಬಾಳಿ ಎಲಿ ಬಂಗುಡಿ ಎಲ್ಲಾ ಛಲೋ ಅದ, ಆದ್ರ ಗ್ರಿಲ್ ಇರೋದು ಬದನಿಕಾಯಿಗೆ ಅಂತ ನನ್ನ ವಾದ. ಮನ್ಯಾಗಿನ ಒಲಿ ಮ್ಯಾಲೆ ಸುಟ್ರ ಒಲಿ ತುಂಬ ರಸ ಸೋರಿ ತೊಳ್ಯೂದ ಒಂದು ಕೆಲಸ ಆಗ್ತದ, ಅದೂ ಇಲ್ಲಿ ಕರೆಂಟ್ ಒಲಿ ಇದ್ದವರಿಗೆ ಬೆಂಕೀನ ಇಲ್ಲ, ಸ್ಮೋಕ್ ಅಲಾರಾಂ ಬ್ಯಾರೆ ಹೊಡ್ಕೋತದ.

ಮೊದ್ಲ ಒಂದು ಮಾತು. ಈ ಸಣ್ಣ ಗ್ರಿಲ್ ಅಂದ್ರ ಒಲಿ ಅಲ್ರಿ, ಸಣ್ಣ ಭಟ್ಟಿ ಅಂತ ತಿಳ್ಕೊಳ್ರಿ. ನಮ್ಮ ಮಂದಿ ಹಚ್ಚಿದ ಕೂಡ್ಲೆ ಸಾಮಾನು ಇಟ್ಟು, ನಿಮಿಷಕ್ಕೊಮ್ಮೆ ಮುಚ್ಚಳ ತಗದು ಬೆಂತೇನು ಬೆಂತೇನು ಅಂತ ನೋಡ್ತಾರ. ಒಮ್ಮೆ ತಗದ್ರ ಅಷ್ಟೂ ಕಾವು ಹೋತು, ಮತ್ತ ಮೊದಲಿಂದ ಶುರು. ಹಚ್ಚೂ ಮುಂದ ಮುಚ್ಚಳ ತಗದಿರಬೇಕು, ಹತ್ತಿದ ಮ್ಯಾಲೆ ಮುಚ್ಚಿ 10-15 ನಿಮಿಷ ಖಾಲಿ ಕಾಯಿಸ್ಬೇಕು, ಆಮ್ಯಾಲೆ ಇಡ್ರಿ.

ದೊಡ್ಡ ದುಂಡನ್ನ ಬದನಿಕಾಯಿ ತಗೋರಿ, ಫೋರ್ಕಿಂದ ನಾಕೈದು ಕಡೆ ಚುಚ್ಚ್ರಿ, ಇಲ್ಲಂದ್ರ ಒಡೀತದ. ಎಣ್ಣಿ ಸವರಿ ಇಟ್ಟು ಮುಚ್ರಿ, ಆರೇಳು ನಿಮಿಷಕ್ಕೊಮ್ಮೆ ಹೊಳ್ಳಿಸ್ರಿ, 25-30 ನಿಮಿಷಕ್ಕ ಅದರ ಹೊಟ್ಟಿ ಒಳಗ ಕುಸೀತದ, ಇಕ್ಕಳದಾಗ ಹಿಡಿದ್ರ ಗಾಳಿ ಹೋದ ಬಲೂನಿನಂಗ ಜೋತು ಬೀಳ್ತದ, ಅದ ಗುರ್ತು. ಪಕ್ಕದಾಗ ಹಸಿ ಮೆಣಸಿನಕಾಯಿ, ಇಡೀ ಬೆಳ್ಳುಳ್ಳಿ ಗಡ್ಡಿನೂ ಇಡ್ರಿ. ತಗದು ಒಂದು ಬೋಗುಣಿ ಒಳಗ ಮುಚ್ಚಿಟ್ರ ಸಿಪ್ಪಿ ತಾನ ಬಿಡ್ತದ. ಕಿವುಚಿ ಶೇಂಗಾ ಪುಡಿ, ಉಳ್ಳಾಗಡ್ಡಿ, ಕೊತ್ತಂಬ್ರಿ, ಉಪ್ಪು. ಜ್ವಾಳದ ರೊಟ್ಟಿ ಸಿಗಲಿಲ್ಲಂದ್ರ ಟೋರ್ಟಿಯಾದಾಗ ತಿನ್ರಿ, ಯಾರೂ ಕೇಳಂಗಿಲ್ಲ.

ಇಲ್ಲಿ ಥಂಡಿಯೊಳಗ ಇನ್ನೊಂದು ತಮಾಷಿ. ಅರ್ಧ ತಾಸು ಉರಿಸಿದ ಮ್ಯಾಲೆ ಸಿಲಿಂಡರ್ ಮುಟ್ಟಿ ನೋಡ್ರಿ, ಬರ್ಫಿನಂಗ ತಣ್ಣಗಾಗಿರ್ತದ, ಕೆಳಗ ಬಿಳಿ ಹಿಮಾ ಕಟ್ಟಿರ್ತದ. ಒಳಗಿನ ದ್ರವ ಗ್ಯಾಸ್ ಆಗಲಿಕ್ಕೆ ಕಾವು ಬೇಕಲ್ರಿ, ಸಿಲಿಂಡರಿಂದನ ತಗೋತದ, ಮಣ್ಣಿನ ಗಡಿಗಿ ನೀರು ತಂಪಾಗೂದು ಹಿಂಗ ಅಲ್ಲೇನು. ತಣ್ಣಗಾದಂಗ ಒತ್ತಡ ಇಳೀತದ, ಉರಿ ಸಣ್ಣಾಗ್ತದ. ಗ್ಯಾಸ್ ಮುಗೀತು ಅಂತ ಒಗೀಬ್ಯಾಡ್ರಿ, ಬ್ಯಾರೆ ಸಿಲಿಂಡರ್ ಹಚ್ಚಿ ಇದನ್ನ ಸ್ವಲ್ಪ ಹೊತ್ತು ಬಿಡ್ರಿ, ಮತ್ತ ಬರ್ತದ. ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್ ತನಕ ಆವಿ ಆಗ್ತದ, ಅದಕ್ಕ ಚಳಿಗಾಲದಾಗೂ ನಡೀತದ. ಟೇಬಲ್ ಮ್ಯಾಲೆ ಇಡೋ ಒಲಿಗೆ ಉದ್ದನ್ನ ಡಬ್ಬಿ ಬರ್ತಾವಲ್ಲ, ಅದು ಬ್ಯೂಟೇನ್, ಸೊನ್ನಿ ಡಿಗ್ರಿ ಹತ್ರ ಬಂತಂದ್ರ ಸುಮ್ಮ ಕುಂತುಬಿಡ್ತದ. ಥಂಡಿ ಅಂತ ಟೆಂಟಿನೊಳಗ, ಗರಾಜಿನೊಳಗ ಹಚ್ಚಬ್ಯಾಡ್ರಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೀನೂ ಇಲ್ಲ ಬಣ್ಣಾನೂ ಇಲ್ಲ.

ಡಲ್ಲಾಸ್_ಗೌಡ

ಧಾರವಾಡದಣ್ಣ ಭಟ್ಟಿ ಅಂದಿದ್ದು ನೂರಕ್ಕೆ ನೂರು ಸರಿ. ಚಿಕನ್ ವಿಷ್ಯ ನಾನು ಸೇರಿಸ್ತೀನಿ. ಎದೆ ಪೀಸ್ ಬೇಡ, ತೊಡೆ ಮೂಳೆ ತೆಗ್ದಿದ್ದು ತಗೊಳಿ, ಒಣಗಲ್ಲ. ಮೊಸರು ಮಸಾಲೆಲಿ ರಾತ್ರಿಯೆಲ್ಲ ನೆನೆಸಿ ಓಕೆ, ಆದ್ರೆ ಕಂಬಿ ಮೇಲೆ ಇಡೋವಾಗ ಜಾಸ್ತಿ ಇರೋ ಮಸಾಲೆ ಬಳಿದು ತೆಗ್ದು ಇಡಿ, ಇಲ್ಲಾಂದ್ರೆ ತೊಟ್ಟಿಕ್ಕಿ ಬೆಂಕಿ ಭುಗ್ ಅಂತ ಏಳುತ್ತೆ, ಹೊರಗೆ ಕಪ್ಪು ಒಳಗೆ ಹಸಿ. ಎದ್ರೆ ನೀರು ಚಿಮುಕಿಸ್ಬೇಡಿ, ಪೀಸ್ ಪಕ್ಕಕ್ಕೆ ಎಳೆದು ಉರಿ ತಗ್ಸಿ. ಒಂದು ಚುಚ್ಚೋ ಥರ್ಮಾಮೀಟರ್ ಇಟ್ಕೊಳಿ, ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್ ಬಂದ್ರೆ ಬೆಂದಿದೆ ಅಂತ, ಕುಯ್ದು ಕುಯ್ದು ನೋಡೋದೇನೂ ಬೇಡ.

ಮತ್ತೆ ಕಂಬಿ ಉಜ್ಜೋಕೆ ತಂತಿ ಬ್ರಷ್ ಬೇಡ, ತಂತಿ ಮುರಿದು ಕಂಬಿಗೆ ಅಂಟ್ಕೊಂಡು ಊಟದಲ್ಲಿ ಹೋಗಿ ಗಂಟ್ಲಲ್ಲಿ ಸಿಕ್ಕಿರೋ ಕೇಸುಗಳಿವೆ. ಅರ್ಧ ಈರುಳ್ಳಿ ಫೋರ್ಕಿಗೆ ಚುಚ್ಚಿ, ಬಿಸಿ ಕಂಬಿ ಮೇಲೆ ಉಜ್ಜಿ. ನಮ್ಮಜ್ಜಿ ದೋಸೆ ಕಾವಲಿಗೆ ಮಾಡ್ತಿದ್ದಿದ್ದೂ ಇದನ್ನೇ.

ಜಯನಗರ_ಜಾಣ

ಮಧ್ಯ ಬಾಯಿ ಹಾಕ್ತಿದೀನಿ ಸಾರಿ. ನಾನು ಬೆಂಗಳೂರಲ್ಲಿ, ತಂಗಿ ಅಮೆರಿಕಾದಿಂದ ಬರೋವಾಗ ಇಂಥದ್ದೊಂದು ತರಿಸ್ಕೊಂಡ್ರೆ ಟೆರೇಸಲ್ಲಿ 5 ಕೆಜಿ ಛೋಟು ಸಿಲಿಂಡರ್‌ಗೆ ಸಿಕ್ಸಬಹುದಾ?

ಬೇಏರಿಯಾ_ಬೆಣ್ಣೆದೋಸೆ

ಬೇಡ ಸರ್. ಕನೆಕ್ಷನ್ನೇ ಬೇರೆ, ಅಲ್ಲಿನ ಸಿಲಿಂಡರ್ ಮೂತಿಗೆ ಇದು ಕೂರಲ್ಲ. ಕೂರಿಸಿದ್ರೂ ಅಲ್ಲಿ ಅಡುಗೆ ಗ್ಯಾಸು ಅಂದ್ರೆ ಬ್ಯೂಟೇನ್ ಪ್ರೊಪೇನ್ ಮಿಶ್ರಣ, ಇಲ್ಲಿನ ಗ್ರಿಲ್ಲಲ್ಲಿ ಗ್ಯಾಸ್ ಚಿಮ್ಮೋ ಜೆಟ್ಟಿನ ತೂತು ಬರೀ ಪ್ರೊಪೇನ್ ಲೆಕ್ಕಕ್ಕೆ ಕೊರೆದಿರೋದು, ಸಿಕ್ಕಿದ ರೆಗ್ಯುಲೇಟರ್ ಹಾಕಿ ಜುಗಾಡ್ ಮಾಡೋ ಸಾಮಾನಲ್ಲ ಅದು. ಸಿಲಿಂಡರಂತೂ ವಿಮಾನಕ್ಕೆ ಹತ್ತಿಸಲ್ಲ. ಅಲ್ಲೇ ಸಿಗೋ ಎಲ್‌ಪಿಜಿ ಗ್ರಿಲ್ ನೋಡಿ, ಇಲ್ಲಾಂದ್ರೆ ಇದ್ದಿಲಿಂದೇ ತಗೊಳ್ಳಿ, ನಿಮಗೆ ಟೆರೇಸ್ ಇದೆಯಲ್ಲ, ನಮ್ಮ ಥರ ಲೀಸಿಂಗ್ ಆಫೀಸ್ ಕಾಟ ಇಲ್ಲ.

ಹಾಸನದ_ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್! ಅಪ್‌ಡೇಟ್ ಕೊಡ್ತೀನಿ. ಲೀಸಿಂಗ್ ಆಫೀಸ್‌ನವರು 1 ಪೌಂಡ್ ಸಿಲಿಂಡರ್ ಆದ್ರೆ ಓಕೆ, ಗೋಡೆಯಿಂದ ದೂರ ಇಡಿ ಅಂತ ಇಮೇಲಲ್ಲೇ ಬರೆದ್ರು. ಆ 40 ಡಾಲರಿಂದು 35ಕ್ಕೆ ತಂದ್ವಿ. ಅಕ್ಕ ಹೇಳಿದ ಹಾಗೆ ಇದು ವೆಜ್‌ಗೆ ಅಂತ ತೀರ್ಮಾನ, ನಮ್ಮನೆಯವರು ಮುಖ ಸಣ್ಣ ಮಾಡ್ಕೊಂಡ್ರು, ಒವನ್ ಇದೆಯಲ್ಲ ಅಂದೆ.

ಆದ್ರೆ ನಿನ್ನೆ ಹಚ್ಚಿ ನೋಡಿದ್ರೆ ಏನೋ ಸರಿ ಇಲ್ಲ. ಉರಿ ನೀಲಿ ಬರ್ತಿಲ್ಲ, ಹಳದಿಯಾಗಿ ದೀಪದ ಥರ ಓಲಾಡುತ್ತೆ, ಬಲಗಡೆ ಅರ್ಧ ಬರ್ನರ್ ಹತ್ತಲೇ ಇಲ್ಲ. ಸುಮ್ನೆ ಬದನೆಕಾಯಿ ಇಟ್ಟೆ, ಅರ್ಧ ಗಂಟೆ ಆದ್ರೂ ಗಟ್ಟಿ, ಮೇಲೆ ಮಾತ್ರ ಸೀಮೆಎಣ್ಣೆ ಬುಡ್ಡಿ ಮಸಿ ಹಿಡಿದ ಹಾಗೆ ಕೈಗೆಲ್ಲ ಕಪ್ಪು. ಅದಕ್ಕಿಂತ ಹೆದರಿಕೆ ಆಗಿದ್ದು ಮೊದಲ್ನೇ ಸಲ ಹಚ್ಚೋವಾಗ ಹತ್ತಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದೆ, ಒಂದ್ಸಲ ಭಗ್ ಅಂತು, ಮುಂಗೂದಲು ಸುಟ್ಟ ವಾಸನೆ. ಗ್ರಿಲ್ ಕೆಟ್ಟಿದ್ಯಾ? 35 ಡಾಲರ್ ನೀರಿಗೆ ಹಾಕಿದ್ನಾ?

ಡಲ್ಲಾಸ್_ಗೌಡ

ಮೇಡಂ ಮೊದ್ಲು ಅದನ್ನ ಆಫ್ ಮಾಡಿ ಸಿಲಿಂಡರ್ ಬಿಚ್ಚಿಡಿ!! ಮುಚ್ಚಳ ಹಾಕ್ಕೊಂಡು ಹಚ್ಚಿದ್ರಾ ಏನ್ ಕತೆ? ಪ್ರೊಪೇನ್ ಗಾಳಿಗಿಂತ ಭಾರ, ಮೇಲೆ ಹಾರಿ ಹೋಗಲ್ಲ, ಆ ಡಬ್ಬದ ತಳದಲ್ಲೇ ಕೂತಿರುತ್ತೆ, ನೀವು ಮತ್ತೆ ಮತ್ತೆ ಒತ್ತಿದ್ರೆ ಕೂತಿದ್ದೆಲ್ಲ ಒಟ್ಟಿಗೆ ಹತ್ಕೊಳ್ಳುತ್ತೆ. ಐದು ಸೆಕೆಂಡಲ್ಲಿ ಹತ್ತಲಿಲ್ಲ ಅಂದ್ರೆ ನಾಬ್ ಆಫ್, ಮುಚ್ಚಳ ತೆಗ್ದು ಐದು ನಿಮಿಷ ಬಿಡಿ, ಆಮೇಲೆ ಮತ್ತೆ. ಕೂದಲು ಹೋದ್ರೆ ಬರುತ್ತೆ ಬಿಡಿ.

ಇನ್ನು ಉರಿ ವಿಷ್ಯ, ನಾನು ಬೆಟ್ ಕಟ್ತೀನಿ, ಒಳಗೆ ಜೇಡ ಇದೆ. ತಮಾಷೆ ಅಲ್ಲ. ನಾಬಿನಿಂದ ಬರ್ನರ್‌ಗೆ ಹೋಗೋ ಪೈಪಿನ ಬುಡದಲ್ಲಿ ಗಾಳಿ ಸೇರ್ಕೊಳ್ಳೋ ಕಿಂಡಿ ಇರುತ್ತೆ. ಗ್ಯಾಸು ಅಲ್ಲಿ ಗಾಳಿ ಜೊತೆ ಬೆರೆತು ಹೋದ್ರೆ ನೀಲಿ ಉರಿ. ಎರಡು ವರ್ಷ ಗರಾಜಲ್ಲಿ ಬಿದ್ದಿತ್ತು ಅಂದ್ರಲ್ಲ, ಆ ಪೈಪಲ್ಲಿ ಜೇಡ ಗೂಡು ಕಟ್ಟೋದು ಮಾಮೂಲಿ, ಗ್ರಿಲ್ ಮ್ಯಾನ್ಯುವಲ್‌ಗಳಲ್ಲೇ ಬರೆದಿರ್ತಾರೆ, ಯಾರು ಓದ್ತಾರೆ. ಗಾಳಿ ಸಾಲದೇ ಹಳದಿ ಉರಿ, ಮಸಿ ಅದ್ರದ್ದೇ. ಜಾಸ್ತಿ ಕಟ್ಕೊಂಡ್ರೆ ಗ್ಯಾಸ್ ವಾಪಸ್ ಬಂದು ನಾಬ್ ಹತ್ರಾನೇ ಹತ್ತೋದೂ ಉಂಟು, ಅದಕ್ಕೇ ಬಿಚ್ಚಿಡಿ ಅಂದಿದ್ದು. ಬರ್ನರ್ ಒಂದೆರಡು ಸ್ಕ್ರೂಲಿ ಬಿಚ್ಕೊಳ್ಳುತ್ತೆ, ಬಾಟಲ್ ತೊಳೆಯೋ ಸಣ್ಣ ಬ್ರಷ್ ಪೈಪಿನೊಳಗೆ ಆಡ್ಸಿ, ಬರ್ನರ್ ತೂತುಗಳನ್ನ ಸೇಫ್ಟಿ ಪಿನ್ನಲ್ಲಿ ಬಿಡಿಸಿ. ಜೆಟ್ ಅಂತ ಹಿತ್ತಾಳೆ ಚೂರು ಇರುತ್ತಲ್ಲ, ಅದಕ್ಕೆ ಮಾತ್ರ ಪಿನ್ ಹಾಕ್ಬೇಡಿ, ತೂತು ದೊಡ್ಡದಾದ್ರೆ ಲೆಕ್ಕ ತಪ್ಪುತ್ತೆ.

ಕೊಡಗಿನ_ಕಾಫಿ

ಇದೇ ಥ್ರೆಡ್ಡಲ್ಲಿ ನಂದೂ ಕೇಳ್ಬಿಡ್ತೀನಿ. ನನ್ನ ಗ್ರಿಲ್ಲಲ್ಲಿ ಉರಿ ನೀಲಿನೇ, ಆದ್ರೆ ಅಡಾಪ್ಟರ್ ಹೋಸ್ ಹಾಕಿ ದೊಡ್ಡ ಟ್ಯಾಂಕಿಗೆ ಸಿಕ್ಸಿದ ದಿನದಿಂದ ಬೆಂಕಿ ಕಡ್ಡಿಯಷ್ಟು ಉರಿ ಬರ್ತಿದೆ. ಚಿಕ್ಕ ಸಿಲಿಂಡರ್ ಹಾಕಿದ್ರೆ ಸರಿ ಇದೆ. ಜೇಡ ಇಲ್ಲ, ನೋಡ್ದೆ.

ಬೇಏರಿಯಾ_ಬೆಣ್ಣೆದೋಸೆ

ಟ್ಯಾಂಕ್ ವಾಲ್ವ್ ಒಂದೇ ಸಲಕ್ಕೆ ಗಿರ್ರ್ ಅಂತ ತಿರುಗಿಸ್ತಿದ್ದೀರಾ ಅನ್ಸುತ್ತೆ, ಅದೂ ಗ್ರಿಲ್ ನಾಬ್ ಮೊದಲೇ ಆನ್ ಇಟ್ಕೊಂಡು. ದೊಡ್ಡ ಟ್ಯಾಂಕಿಗೆ ಸೇರೋ ಆ ಪ್ಲಾಸ್ಟಿಕ್ ನಟ್ಟಿನೊಳಗೆ ಒಂದು ಸೇಫ್ಟಿ ಇದೆ, ಗ್ಯಾಸ್ ಒಮ್ಮೆಲೇ ನುಗ್ಗಿದ್ರೆ ಹೋಸ್ ಹರಿದಿದೆ ಅಂದ್ಕೊಂಡು ದಾರಿ ಮುಚ್ಚಿ ಒಂದು ಚೂರೇ ಚೂರು ಬಿಡುತ್ತೆ. ನಾಬು, ವಾಲ್ವು ಎರಡೂ ಆಫ್ ಮಾಡಿ, ಹೋಸ್ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ನಾಬ್ ಆಫಲ್ಲೇ ಇರ್ಲಿ, ಟ್ಯಾಂಕ್ ವಾಲ್ವ್ ತುಂಬಾ ನಿಧಾನ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನಾಬ್. ನಾನು ಇದು ಗೊತ್ತಿಲ್ದೆ ಎರಡು ಹೋಸ್ ವಾಪಸ್ ಮಾಡಿದ್ದೆ, ಅಂಗಡಿಯವರು ಮುಖ ಗುರ್ತು ಹಿಡಿಯೋ ಹಂಗಾಗಿತ್ತು.

ಕೊಡಗಿನ_ಕಾಫಿ

ಬಂತು!! ಇಷ್ಟೇನಾ. ಒಂದು ವರ್ಷ ಕಡ್ಡಿ ಉರಿಲೇ ಪೋರ್ಕ್ ಮಾಡಿದೀನಿ ನಾನು.

ಹಾಸನದ_ಹುಡುಗಿ

ಗೌಡ್ರೇ, ಜೇಡ ಇತ್ತು. ಜೇಡ ಅಂದ್ರೆ ಜೇಡ ಹೋಗಿತ್ತು, ಗೂಡು ಇತ್ತು. ಬ್ರಷ್ ಹಾಕಿ ಎಳೆದ್ರೆ ಬಿಳೀ ಹತ್ತಿ ಬತ್ತಿ ಥರ ಉದ್ದಕ್ಕೆ ಬಂತು, ಅದ್ರಲ್ಲಿ ಸಣ್ಣ ಸಣ್ಣ ಮೊಟ್ಟೆ ಸಿಪ್ಪೆ. ಮಗಳು ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಬಂದು ನೋಡಿದ್ರು. ವಾಪಸ್ ಜೋಡಿಸಿ, ಸೋಪು ನೀರು ಹಚ್ಚಿ, ಮುಚ್ಚಳ ತೆಗೆದಿಟ್ಟು ಹಚ್ಚಿದೆ, ಒಂದೇ ಏಟಿಗೆ ಈ ತುದಿಯಿಂದ ಆ ತುದಿವರೆಗೂ ನೀಲಿ ಸಾಲು, ಸಣ್ಣಗೆ ಸುಯ್ ಅನ್ನೋ ಸದ್ದು. ಬದನೆಕಾಯಿ 28 ನಿಮಿಷಕ್ಕೆ ಬಲೂನ್ ಆಯ್ತು ಧಾರವಾಡದಣ್ಣ, ನಾನು ಮಾತ್ರ ನಮ್ಮ ಕಡೆ ಥರ ಹುಣಸೆಹುಳಿ ಬೆಲ್ಲ ಹಾಕಿ ಗೊಜ್ಜು ಮಾಡಿದೆ, ಬೈಕೋಬೇಡಿ.

ಧಾರವಾಡ_ಟು_ಚಿಕಾಗೊ

ಬೆಲ್ಲಾ ಹಾಕಿದ್ರಿ? ಇರ್ಲಿ ಬಿಡ್ರಿ, ಈ ಸಲ ಮಾಫಿ.

ಹಾಸನದ_ಹುಡುಗಿ

ಹಳೇ ಥ್ರೆಡ್ ಮೇಲೆತ್ತಿದ್ದಕ್ಕೆ ಕ್ಷಮಿಸಿ, ಹೇಳ್ದೆ ಇರೋಕಾಗ್ಲಿಲ್ಲ. ಅಪ್ಪ ಅಮ್ಮ ಬಂದು ಮೂರು ವಾರ ಆಯ್ತು. ಮೊದಲ ವಾರ ಅಮ್ಮ ಆ ಗ್ರಿಲ್ಲನ್ನ ಸೂಟ್‌ಕೇಸ್ ಅಂದ್ಕೊಂಡು ಮೇಲೆ ಒಗೆದ ಬಟ್ಟೆ ಇಟ್ಟಿದ್ರು. ಹಳೇದು ಅಂತ, ಬೇರೆಯವರು ಮಾಂಸ ಮಾಡಿರ್ತಾರೆ ಅಂತ, ಕಂಬಿ ಹೊಸದು ಅಂತ ಎಲ್ಲಾ ಹೇಳಿದೆ, ಒಂದು ನಿಮಿಷ ಸುಮ್ನಿದ್ದು ಹುಣಸೆಹಣ್ಣು ಹಾಕಿ ತಾವೇ ಇನ್ನೊಂದ್ಸಲ ಅಷ್ಟೂ ಉಜ್ಜಿದ್ರು, ಮುಚ್ಚಳದ ಒಳಗೂ ಬಿಡಲಿಲ್ಲ. ಆಮೇಲೆ ಜೋಳ ಸುಟ್ಟೆ, ಸಿಪ್ಪೆ ಸಮೇತ ನೀರಲ್ಲಿ ನೆನೆಸಿ ಇಟ್ಟಿದ್ದು, ಉಪ್ಪು ಖಾರ ನಿಂಬೆಹುಳಿ, ಅಪ್ಪ ಎರಡು ತಿಂದ್ರು.

ಮೊನ್ನೆ ಶನಿವಾರ ಕಾಯೋಕೆ ಬಿಟ್ಟು ಒಳಗೆ ಪನೀರ್ ತರೋಕೆ ಹೋಗಿ ಬರೋಷ್ಟರಲ್ಲಿ ಅಮ್ಮ ಮುಚ್ಚಳ ತೆಗೆದು ಇಕ್ಕಳದಲ್ಲಿ ಹಪ್ಪಳ ಹಿಡ್ಕೊಂಡು ನಿಂತಿದ್ದಾರೆ. ಒಂದು ಕಡೆ ಮೂರು ಸೆಕೆಂಡು, ಇನ್ನೊಂದು ಕಡೆ ಮೂರು ಸೆಕೆಂಡು, ಅಂಚು ಕಂದದೇ ಗುಳ್ಳೆ ಎದ್ದು ಗರಿಗರಿ. ಇಲ್ಲಿನ ಕರೆಂಟ್ ಒಲೆಲಿ ಹಪ್ಪಳ ಸುಡೋಕಾಗಲ್ಲ ಅಂತ ಬಂದ ದಿನದಿಂದ ಗೊಣಗ್ತಿದ್ರು. 22 ಹಪ್ಪಳ ಸುಟ್ರು, ಪನೀರ್‌ಗೆ ಜಾಗ ಬಿಡಲಿಲ್ಲ, ಗ್ಯಾಸ್ ಮುಗೀತು.

ಡಲ್ಲಾಸ್_ಗೌಡ

ಯಾವ ಹಪ್ಪಳ ಮೇಡಂ, ಅಕ್ಕಿದಾ ಉದ್ದಿಂದಾ?

ಹಾಸನದ_ಹುಡುಗಿ

ಉದ್ದಿಂದು. ಊರಿಂದ ತಂದಿದ್ರು. ಇನ್ನು ನಾಕೇ ಉಳಿದಿರೋದು, ಕೇಳ್ಬೇಡಿ.